ಸಿಮೆಂಟ್ ಗಿಲಾವು ಕೆತ್ತಿಸಿದ ಮೇಲೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹಳೆಯ ಮನೆಯ ಗೋಡೆಗಳು ಎರಡಡಿ ದಪ್ಪದವು. ಎರಡೂ ಮೈಗೆ ಕಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಪಡಸಾಲೆಯಲ್ಲಿ ನೆಲದಿಂದ ಒಂದೂವರೆ ಅಡಿಯವರೆಗೆ ತೇವವೇರಿ ಸುಣ್ಣ ಉದುರುವುದನ್ನು ನೋಡಲಾರದೆ, ನಾನೇ ಮುಂದೆ ನಿಂತು ಸಿಮೆಂಟ್ ಗಿಲಾವು ಮಾಡಿಸಿ ಆಯಿಲ್ ಪೇಂಟ್ ಹಚ್ಚಿಸಿದ್ದೆ. ಎರಡು ಮಳೆಗಾಲ ಗೋಡೆ ಚೆನ್ನಾಗಿಯೇ ಇತ್ತು. ಮೂರನೆಯದರಲ್ಲಿ ತೇವವು ಗಿಲಾವಿನ ಅಂಚನ್ನೂ ದಾಟಿ ಮೂರೂವರೆ ಅಡಿಗೆ ಏರಿತು. ಪೇಂಟಿನ ಗುಳ್ಳೆಯೊಂದನ್ನು ಉಗುರಿನಿಂದ ಒಡೆದರೆ ಒಳಗಿನ ಸವಳು ಜೋಳದ ಹಿಟ್ಟಿನಂತೆ ಸುರಿಯಿತು.

ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಯೊಬ್ಬರು ಗೋಡೆ ತಟ್ಟಿ ನೋಡಿ, "ಸಾಹೇಬ್ರ, ಇದಕ್ಕ ಸಿಮೆಂಟ್ ಹಚ್ಚಂತ ಹೇಳಿದವ್ರು ಯಾರ್ರೀ?" ಎಂದು ಕೇಳಿದಾಗ ನಾನು ಉತ್ತರಿಸಲಿಲ್ಲ.

ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೆಲದ ನೀರು ಕಲ್ಲಿನ ಸಂದುಗಳ ಮಣ್ಣು ಮತ್ತು ಗಾರೆಯ ಮೂಲಕ ಏರುತ್ತದೆ. ಸುಣ್ಣದ ಗಿಲಾವಿದ್ದರೆ ಅದು ಅಲ್ಲಲ್ಲೇ ಆರಿಹೋಗುತ್ತದೆ. ಸಿಮೆಂಟ್ ಅಡ್ಡ ಬಂದರೆ ಆರಲು ಜಾಗ ಸಿಗುವವರೆಗೆ ಮೇಲೇರುತ್ತಲೇ ಹೋಗುತ್ತದೆ, ಮತ್ತು ಅದು ತಂದ ಉಪ್ಪು ಹರಳುಗಟ್ಟಿ ಗಿಲಾವನ್ನು ಹಿಂದಿನಿಂದ ಒತ್ತಿ ಕಳಚುತ್ತದೆ.

ಆದ್ದರಿಂದ ಮೊದಲು ನೀರಿನ ಮೂಲ ಹುಡುಕಿದೆವು. ಪ್ರತಿ ಸಲ ಡಾಂಬರು ಹಾಕಿದಂತೆ ಓಣಿಯ ರಸ್ತೆ ಎತ್ತರವಾಗಿ ನಮ್ಮ ನೆಲಕ್ಕಿಂತ ಅರ್ಧ ಅಡಿ ಮೇಲಿತ್ತು. ಬಚ್ಚಲಿನ ಮೋರಿ ಗೋಡೆಯ ಬುಡದಲ್ಲೇ ಬಿರುಕು ಬಿಟ್ಟಿತ್ತು. ಸುತ್ತಲಿನ ಎರೆಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಡುವಂಥದ್ದಲ್ಲ. ಮೋರಿ ಸರಿಪಡಿಸಿ, ಹೊರಗೋಡೆಗುಂಟ ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆಯನ್ನು ತುಂಡು ತುಂಡಾಗಿ ತೋಡಿಸಿ, ತೂತಿನ ಪೈಪಿಟ್ಟು ಖಡಿ ತುಂಬಿಸಿ, ಗಟಾರದ ಕಡೆಗೆ ಇಳಿಜಾರು ಕೊಟ್ಟೆವು. ಹಳೆಯ ಗೋಡೆಯ ಪಾಯಕ್ಕಿಂತ ಕೆಳಗೆ ಅಗೆದರೆ ಗೋಡೆಯೇ ಕೂರಬಹುದಾದ್ದರಿಂದ, ಪಾಯ ಎಲ್ಲಿಯವರೆಗಿದೆ ಎಂದು ಒಂದು ಮೂಲೆಯಲ್ಲಿ ಮೊದಲೇ ನೋಡಿಕೊಂಡಿದ್ದೆವು.

ಡಿಸೆಂಬರಿನಲ್ಲಿ ಸಿಮೆಂಟನ್ನು ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಸಂದುಗಳನ್ನು ಒಂದಿಂಚು ಕೆರೆಸಿದೆವು. ಮೇಲೆ ಬಂದ ಸವಳನ್ನು ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಉಜ್ಜುವುದು ನನ್ನ ಕೆಲಸವಾಯಿತು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಮೊದಲ ವಾರ ಒಂದು ಬುಟ್ಟಿ ತುಂಬಿತು, ಹೋಳಿಯ ಹೊತ್ತಿಗೆ ಒಂದು ಹಿಡಿ. ಒಂದಿಂಚು ದಪ್ಪ ಆರಲು ಸುಮಾರು ಒಂದು ತಿಂಗಳೆಂಬ ಲೆಕ್ಕದಲ್ಲಿ ಎರಡಡಿ ಗೋಡೆಗೆ ಎರಡು ವರ್ಷ ಬೇಕು. ಅಷ್ಟು ದಿನ ಬರಿಗಲ್ಲಿನ ಪಡಸಾಲೆಯಲ್ಲಿ ಅತಿಥಿಗಳನ್ನು ಕೂರಿಸುವುದಕ್ಕೆ ಮನೆಯವರು ಒಪ್ಪಲಿಲ್ಲ.

ಮೇ ತಿಂಗಳ ಬಿಸಿಲಿಗೆ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ಹಾಗಾಗಿ ಗಿಲಾವನ್ನು ಮಳೆಗಾಲ ಮುಗಿದ ಮೇಲೆ ಮಾಡಿಸಿದೆವು. ಮೂರು ವಾರ ನೀರಿನಡಿ ಅರಳಿಸಿಟ್ಟ ಸುಣ್ಣ ಒಂದು ಪಾಲು, ತೊಳೆದ ಉಸುಕು ಮೂರು ಪಾಲು, ಮೊದಲ ಪದರಕ್ಕೆ ಸ್ವಲ್ಪ ಇಟ್ಟಿಗೆ ಪುಡಿ. ಪದರ ಅರ್ಧ ಇಂಚಿಗಿಂತ ದಪ್ಪವಿರಲಿಲ್ಲ. ಎರಡರ ನಡುವೆ ಹತ್ತು ದಿನ ಹಸಿ ಗೋಣಿತಟ್ಟು ಹೊದಿಸಿದ್ದೆವು. ಗೌಂಡಿಯವರು ಬೆಲ್ಲದ ನೀರು ಬೆರೆಸೋಣವೆಂದರು, ಇರುವೆಗೆ ಹೆದರಿ ನಾನು ಬೇಡವೆಂದೆ. ಮೇಲೆ ಸುಣ್ಣವನ್ನಷ್ಟೇ ಬಳಿಸಿದೆವು.

ಅನಂತರ ಎರಡು ಮಳೆಗಾಲ ಕಳೆದಿವೆ. ತೇವದ ಗೆರೆ ಈಗ ಒಂದಡಿಯ ಕೆಳಗೇ ನಿಂತಿದೆ. ಪಕ್ಕದ ಮನೆಗೆ ಹೊಂದಿಕೊಂಡ, ಕಾಲುವೆ ತೋಡಲಾಗದ ಮೂಲೆಯಲ್ಲಿ ಮಾತ್ರ ಇನ್ನೂ ಸವಳು ಬರುತ್ತದೆ. ದಸರೆಗೆ ಮೊದಲು ಅಲ್ಲಿ ಎರಡು ಕರಣಿ ಸುಣ್ಣದ ಗಾರೆಯನ್ನು ನಾನೇ ಮೆತ್ತುತ್ತೇನೆ.