ಏಳು ಸಂಜೆ ಸಂಗೀತ ಕೇಳುವವರಿಗೆ ಒಬ್ಬ ತಬಲಾದವನ ಮಾತು

ಮುಂದಿನ ವಾರ ನಮ್ಮ ಬೆಳಗಾವಿಯಲ್ಲಿ ಏಳು ಸಂಜೆ ಸಂಗೀತ ಇದೆ. ಮೂರು ಸಂಜೆ ನಾನು ತಬಲಾ ಸಾಥ್‌ಗೆ ವೇದಿಕೆ ಮೇಲಿರುತ್ತೇನೆ. ಉಳಿದ ನಾಲ್ಕು ಸಂಜೆ ನಿಮ್ಮ ಜೊತೆ ಕೆಳಗೆ. ಶಹಾಪುರದ ನಮ್ಮ ಓಣಿಯಲ್ಲಿ ಈಗಾಗಲೇ ಮೂರ್ನಾಲ್ಕು ಜನ ಕೇಳಿದ್ದಾರೆ: "ಅಣ್ಣಾ, ನಮಗ ರಾಗ-ಗೀಗ ತಿಳಿಯಂಗಿಲ್ಲ. ಬಂದು ಏನ್ ಮಾಡೋಣು?" ಅವರಿಗೆ ಕಟ್ಟೆ ಮೇಲೆ ಕೂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ರಾಗದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಸಮ್, ಅಂದರೆ ತಾಲದ ಸುತ್ತು ಶುರುವಾಗುವ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಅಂತ ಗೊತ್ತಾದರೆ ಸಾಕು.

ಮೊದಲು, ಏಳೂ ಸಂಜೆ ಬರುವ ಆಸೆ ಬಿಡಿ. ಹೊಟ್ಟೆಯ ಹಾಗೆ ಕಿವಿಯೂ ತುಂಬುತ್ತದೆ. ನಾಲ್ಕನೇ ದಿನಕ್ಕೆ ಎಲ್ಲರ ತಾನ್‌ಗಳೂ, ಅಂದರೆ ವೇಗದ ಸ್ವರಗುಚ್ಛಗಳೂ, ಒಂದೇ ಥರ ಕೇಳಿಸುತ್ತವೆ. ಅದು ಹಾಡುವವರ ತಪ್ಪಲ್ಲ. ಐದು ಸಂಜೆ ಆರಿಸಿಕೊಳ್ಳಿ. ಮೂರು ಆದಮೇಲೆ ಒಂದು ದಿನ ಮನೆಯಲ್ಲಿರಿ. ಆ ದಿನ ಮೊಬೈಲಿನಲ್ಲೂ ಹಾಡು ಬೇಡ.

ಆರಿಸುವಾಗ ಹೆಸರಿಗಿಂತ ಹೊತ್ತು ನೋಡಿ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಕ್ಕೆ ಹೊತ್ತು ಇದೆ. ಈಗ ಡಿಸೆಂಬರ್, ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಾರವಾ, ಪೂರಿಯಾ ಧನಾಶ್ರೀ, ಶ್ರೀ ಇವೆಲ್ಲ ಆ ಸಂಧಿಕಾಲದ ರಾಗಗಳು. ಆರಕ್ಕೆ ಶುರುವಾಗುವ ಕಾರ್ಯಕ್ರಮದಲ್ಲಿ ಮೊದಲು ಹಾಡುವವರಿಗೆ ಮಾತ್ರ ಅವು ಸಿಗುತ್ತವೆ. ಏಳಕ್ಕೆ ಬಂದವರಿಗೆ ಯಮನ್ ಸಿಗಬಹುದು, ಮಾರವಾ ಸಿಗುವುದಿಲ್ಲ. ಮೊದಲು ಹಾಡುವವರು ಬಹಳ ಸಲ ಹೊಸಬರು, ಕಾರ್ಡಿನಲ್ಲಿ ಅವರ ಹೆಸರು ಸಣ್ಣದಾಗಿರುತ್ತದೆ. ಅವರಿಗಾಗಿ ಬೇಗ ಬನ್ನಿ. ಇನ್ನು ಭಾನುವಾರ ಬೆಳಗಿನ ಬೈಠಕ್ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ನಮ್ಮಲ್ಲಿ ಕಛೇರಿ ಎಲ್ಲ ಸಂಜೆಗೇ ಆಗುವುದರಿಂದ ತೋಡಿಯಂಥ ಬೆಳಗಿನ ರಾಗವನ್ನು ಎದುರಿಗೆ ಕೂತು ಕೇಳುವುದು ಅಪರೂಪ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಛೇರಿ ಶುರುವಾಗುವುದು ಶ್ರುತಿ ಮಾಡುವಾಗ. ಎಷ್ಟೋ ಜನ ಆ ಹೊತ್ತಿನಲ್ಲಿ ಹೊರಗೆ ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಅರ್ಧ ತಾಸು ಮೊದಲೇ ಒಳಗೆ ಬಂದು ಸುಮ್ನೆ ಕೂತು ನೋಡಿ. ತಂಬೂರಿಗೆ ನಾಲ್ಕು ತಂತಿ. ನಡುವಿನ ಎರಡು ಷಡ್ಜ, ಕೊನೆಯದು ಖರ್ಜ, ಅಂದರೆ ಕೆಳಗಿನ ಷಡ್ಜ. ಮೊದಲನೇ ತಂತಿ ಮಾತ್ರ ರಾಗದ ಪ್ರಕಾರ ಬದಲಾಗುತ್ತದೆ. ಸಾಮಾನ್ಯವಾಗಿ ಪಂಚಮ. ಮಾಲಕಂಸದಂಥ ರಾಗಕ್ಕೆ ಮಧ್ಯಮ. ಮಾರವಾಕ್ಕೆ ಬಹಳ ಜನ ನಿಷಾದ ಇಡುತ್ತಾರೆ. ಅಂದರೆ ಇನ್ನೂ ಯಾರೂ ಬಾಯಿ ತೆರೆಯುವ ಮೊದಲೇ ಆ ತಂತಿ ಸಂಜೆಯ ಸುಳಿವು ಕೊಡುತ್ತದೆ. ತಂತಿ ಹೊರುವ ಪಟ್ಟಿಗೆ ಕುದುರೆ ಅನ್ನುತ್ತೇವೆ. ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇರುತ್ತದೆ, ಜೀವಾಳಿ. ಅದನ್ನು ಉಗುರಿನಿಂದ ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರೆ. ಒಂದು ಜಾಗದಲ್ಲಿ ತಂತಿ ಮಂಕಾಗಿರುತ್ತದೆ. ಅಲ್ಲಿಂದ ಸ್ವಲ್ಪ ಸರಿದ ಕೂಡಲೇ ದುಂಬಿ ಹೊಕ್ಕ ಹಾಗೆ ಝೇಂಕಾರ ಏಳುತ್ತದೆ. ಆ ಕ್ಷಣ ಕೇಳಿ. ಈ ತಂಬೂರಿಗಳು ಬಹುತೇಕ ಮೀರಜಿನವು. ನಮಗೆ ಮೀರಜ್ ಅಂದರೆ ಬೆಳಗಿನ ರೈಲಿಗೆ ಹೋಗಿ ಸಂಜೆ ತಿರುಗಿ ಬರುವ ಊರು. ಕಿರಾನಾ ಘರಾನೆಯ, ಅಂದರೆ ಆ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅಲ್ಲೇ.

ಆಮೇಲೆ ತಬಲಾ. ಸುತ್ತಿಗೆಯಿಂದ ನಾವು ಯಾಕೆ ಅಷ್ಟು ಹೊತ್ತು ಕುಟ್ಟುತ್ತೇವೆ ಅಂತ ಬಹಳ ಜನ ಕೇಳುತ್ತಾರೆ. ಬಾಯಿಯ ಸುತ್ತ ಹೆಣೆದ ಚರ್ಮದ ಗಜರಾದಲ್ಲಿ 16 ಘರ್, ಅಂದರೆ ಮನೆ, ಇರುತ್ತವೆ. ಎಲ್ಲಾ 16 ಕಡೆ ಒಂದೇ ಸ್ವರ ನುಡಿಯಬೇಕು. ಗಜರಾಕ್ಕೆ ಮೇಲಿನಿಂದ ಹೊಡೆದರೆ ಸ್ವರ ಏರುತ್ತದೆ, ಕೆಳಗಿನಿಂದ ಹೊಡೆದರೆ ಇಳಿಯುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಚರ್ಮ ತೇವ ಎಳೆದುಕೊಂಡು ಸಡಿಲಾಗುತ್ತದೆ. ಎಸಿ ಹಾಲ್‌ನಲ್ಲಿ ಒಣಗಿ ಬಿಗಿಯುತ್ತದೆ. ಮನೆಯಲ್ಲಿ ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ) ಕೂಡಿಸಿಕೊಂಡು ಹೋದ ತಬಲಾ ವೇದಿಕೆಯ ದೀಪದ ಕೆಳಗೆ ಹತ್ತು ನಿಮಿಷದಲ್ಲಿ ಮೇಲೆ ಹೋಗಿರುತ್ತದೆ. ನಡುವೆ ನಾವು ಮತ್ತೆ ಸುತ್ತಿಗೆ ಹಿಡಿದರೆ ಗದ್ದಲ ಮಾಡಬೇಡಿ. ಆ ಒಂದು ನಿಮಿಷ ಹಾಲ್ ಶಾಂತವಾಗಿದ್ದರೆ ನನ್ನ ಕೆಲಸ ಅರ್ಧ ಆದ ಹಾಗೆ.

ಎಲ್ಲಿ ಕೂರಬೇಕು? ನೆಹರೂ ನಗರದ ಕುಮಾರ ಗಂಧರ್ವ ರಂಗಮಂದಿರವಾಗಲಿ, ಊರೊಳಗಿನ ಸಣ್ಣ ಹಾಲ್ ಆಗಲಿ, ದೊಡ್ಡ ಸ್ಪೀಕರಿನ ಎದುರು ಮಾತ್ರ ಬೇಡ. ಆರೇಳು ಸಾಲು ಹಿಂದೆ, ನಿಮ್ಮ ಎಡಕ್ಕೆ. ತಬಲಾದವನು ಗಾಯಕರ ಬಲಗಡೆ ಕೂರುತ್ತಾನೆ, ಅಂದರೆ ನಿಮಗೆ ಎಡ. ಸಮ್‌ಗೆ ಬರುವಾಗ ಗಾಯಕರು ಅವನ ಕಡೆ ತಿರುಗಿ ಕಣ್ಣು ಕೂಡಿಸುತ್ತಾರೆ. ಅದು ನಿಮಗೆ ಕಾಣಬೇಕು.

ಈಗ ಸಮ್. ಬಡಾ ಖ್ಯಾಲ್, ಅಂದರೆ ಮೊದಲು ಬರುವ ನಿಧಾನದ ದೊಡ್ಡ ಹಾಡು, ಹೆಚ್ಚಾಗಿ ವಿಲಂಬಿತ (ನಿಧಾನ) ಏಕತಾಲದಲ್ಲಿರುತ್ತದೆ. 12 ಮಾತ್ರೆ, ಅಂದರೆ ಒಂದು ಸುತ್ತಿನಲ್ಲಿ 12 ಎಣಿಕೆ. ನಿಮ್ಮ ಕೈ ನೋಡಿಕೊಳ್ಳಿ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗಣ್ಣು. ಒಟ್ಟು 12. ಹೆಬ್ಬೆರಳನ್ನು ಗಣ್ಣಿನ ಮೇಲೆ ಒಂದೊಂದಾಗಿ ಸರಿಸುತ್ತಾ ಠೇಕಾ, ಅಂದರೆ ಆ ತಾಲಕ್ಕೆ ತಬಲಾ ನುಡಿಯುವ ಬೋಲ್, ಹೇಳುತ್ತಾ ಹೋಗಿ:

ಧಿನ್ ಧಿನ್ ಧಾಗೆ ತಿರಕಿಟ ತೂ ನಾ
ಕತ್ ತಾ ಧಾಗೆ ತಿರಕಿಟ ಧಿನ್ ನಾ

ಇದರಲ್ಲಿ ತಿರಕಿಟ ಎರಡು ಸಲ ಬರುತ್ತದೆ, ನಾಲ್ಕನೇ ಮತ್ತು ಹತ್ತನೇ ಮಾತ್ರೆಗೆ. ನಿಧಾನದ ಲಯದಲ್ಲಿ ಒಂದು ಸುತ್ತು ಮುಗಿಯಲು ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಪೂರ್ತಿ ಎಣಿಸುವುದು ಮೊದಲ ದಿನ ಕಷ್ಟ. ಎಣಿಸಬೇಡಿ, ಎರಡನೇ ತಿರಕಿಟಕ್ಕೆ ಕಾಯಿರಿ. ಅದು ಕೇಳಿದ ಮೇಲೆ ಎರಡೇ ಮಾತ್ರೆ ಉಳಿದಿರುತ್ತವೆ. ಆಗಲೇ ಗಾಯಕರು ಚೀಜಿನ (ಹಾಡಿನ) ಮೊದಲ ಮಾತು, ಅಂದರೆ ಮುಖಡಾ, ಎತ್ತಿಕೊಳ್ಳುತ್ತಾರೆ. ಮೊದಲ ಐದು ನಿಮಿಷದಲ್ಲಿ ಆ ಮುಖಡಾ ಒಂದನ್ನು ನೆನಪಿಟ್ಟುಕೊಂಡರೆ ಮುಂದಿನ 40 ನಿಮಿಷ ನೀವು ಎಲ್ಲೂ ದಾರಿ ತಪ್ಪುವುದಿಲ್ಲ. ತೀನ್‌ತಾಲ್ ಬಂದರೆ ಬೆರಳಿನ ತುದಿಯನ್ನೂ ಸೇರಿಸಿ, 16 ಆಗುತ್ತದೆ. ಮೂರನೇ ಬೆರಳಿಗೆ ಬಂದಾಗ ಎಡಗೈ ಡಗ್ಗಾದ ಗುಮುಕು ನಿಲ್ಲುತ್ತದೆ. ಅದು ಖಾಲಿ. ಖಾಲಿ ಗುರುತು ಸಿಕ್ಕಿದರೆ ಎಂಟು ಮಾತ್ರೆಗೆ ಸಮ್.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಆಗ ನನಗೆ 19 ವರ್ಷ. ಹತ್ತಿರದ ಹಳ್ಳಿಯೊಂದರ ಮಠದ ಜಾತ್ರೆಯಲ್ಲಿ ಹಿರಿಯ ಗಾಯಕರೊಬ್ಬರಿಗೆ ಸಾಥ್. ಅವರು ಲಯಕಾರಿಗೆ, ಅಂದರೆ ಲಯದ ಜೊತೆ ಆಟಕ್ಕೆ, ಇಳಿದರು. ಠೇಕಾ ಬಾರಿಸುತ್ತಿದ್ದೇನೆ, ಆದರೆ ಎಷ್ಟನೇ ಮಾತ್ರೆ ಅನ್ನುವುದು ತಲೆಯಿಂದ ಹೋಗಿಬಿಟ್ಟಿತು. ಬೆನ್ನು ಬೆವೆತಿತು. ಎದುರಿಗೆ ಎರಡನೇ ಸಾಲಿನಲ್ಲಿ ಜಮಖಾನೆಯ ಮೇಲೆ ಒಬ್ಬ ಕಾಕಾ ಕೂತಿದ್ದರು. ಬಿಳಿ ಟೋಪಿ, ಮೊಣಕಾಲ ಮೇಲೆ ಬಲಗೈ. ಅವರ ಹೆಬ್ಬೆರಳು ಗಣ್ಣಿನಿಂದ ಗಣ್ಣಿಗೆ ಹೋಗುತ್ತಿತ್ತು. ಕಿರುಬೆರಳಿನ ಕೊನೆಯ ಗಣ್ಣಿಗೆ ಬಂತು. ಅಂಗೈ ಮೇಲೆದ್ದಿತು. ಅದೇ ಹೊತ್ತಿಗೆ ನನ್ನ ಧಿನ್ ಬಿತ್ತು, ಗಾಯಕರೂ ಅಲ್ಲಿಗೇ ಬಂದರು. ಆಮೇಲೆ ಪ್ರಸಾದದ ಪಂಕ್ತಿಯಲ್ಲಿ ಆ ಕಾಕಾ ನನ್ನ ಪಕ್ಕಕ್ಕೇ ಬಂದು ಕೂತರು. "ತಮ್ಮಾ, ನಡುವ ಸ್ವಲ್ಪ ಹೆದರಿದಿ ಅಲ್ಲ? ಠೇಕಾ ಬಿಡಲಿಲ್ಲ, ಛಲೋ ಆತು" ಅಂದರು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು, ಯಾವತ್ತೂ ಸಂಗೀತ ಕಲಿತವರಲ್ಲ. ಬರೀ ಕೇಳಿದವರು. ಹಾಲ್‌ನಲ್ಲಿ ಅಂಥ ಹತ್ತು ಜನ ಇದ್ದರೆ ವೇದಿಕೆ ಮೇಲಿರುವವರಿಗೆ ಬಲ ಬರುತ್ತದೆ. ನಿಜವಾಗಿ ಹೇಳುತ್ತೇನೆ, ಅವತ್ತು ಬೇರೆಯೇ ಬಾರಿಸುತ್ತೇವೆ.

ಹಾಗಾಗಿ ದಾದ್ (ಮೆಚ್ಚುಗೆ) ಕೊಡುವುದಕ್ಕೆ ಅಂಜಬೇಡಿ. ಸಮ್‌ಗೆ ತಲೆ ತೂಗಿ, ವಾಹ್ ಅನ್ನಿ. ಆದರೆ ಆಲಾಪದ ನಡುವೆ ಚಪ್ಪಾಳೆ ಬೇಡ, ಲಯಕ್ಕೆ ಚಪ್ಪಾಳೆ ತಟ್ಟುತ್ತಾ ಹೋಗುವುದಂತೂ ಬೇಡವೇ ಬೇಡ. ನೂರು ಜನರ ಚಪ್ಪಾಳೆ ಯಾವಾಗಲೂ ಮುಂದೆ ಓಡುತ್ತದೆ, ಠೇಕಾ ಹಿಡಿದವನಿಗೆ ಹಿಂಸೆ. ಮೊಬೈಲ್ ಬೆಳಕೂ ಅಷ್ಟೇ. ಹೋದ ವರ್ಷ ಒಂದು ಕಛೇರಿಯಲ್ಲಿ ಮುಂದಿನ ಸಾಲಿನವರೊಬ್ಬರು ಇಡೀ ಆಲಾಪ್ ಫ್ಲ್ಯಾಷ್ ಹಾಕಿ ವಿಡಿಯೋ ಮಾಡಿದರು. ಹಾಡುತ್ತಿದ್ದ ಅಕ್ಕ ಕೊನೆಗೆ ಕಣ್ಣು ಮುಚ್ಚಿಕೊಂಡೇ ಹಾಡಿದರು. ಆವತ್ತು ನಾವಿಬ್ಬರೂ ಒಮ್ಮೆಯೂ ಕಣ್ಣು ಕೂಡಿಸಲಿಲ್ಲ.

ವಾರದಲ್ಲಿ ಒಂದೇ ರಾಗ ಎರಡು ಸಲ ಬಂದರೆ ಬೇಸರ ಮಾಡಬೇಡಿ, ಅದೇ ಒಳ್ಳೆಯ ಪಾಠ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಕಿರಾನಾ ದಾರಿಯವರು ಒಂದೊಂದೇ ಸ್ವರ ಹಿಡಿದು ನಿಧಾನ ಮೇಲೇರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಜೈಪುರ ದಾರಿಯಲ್ಲಿ ಲಯ ಅಷ್ಟು ನಿಧಾನ ಇರುವುದಿಲ್ಲ. ಹೆಚ್ಚಾಗಿ ತೀನ್‌ತಾಲ್, ಸಮ್ ಬೇಗ ಬೇಗ ಬರುತ್ತದೆ, ಸ್ವರ ಸುತ್ತಿ ಸುತ್ತಿ ಹೆಣೆದುಕೊಳ್ಳುತ್ತದೆ. ನಮ್ಮ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮತ್ತೊಂದೇ ದಾರಿ. ಕ್ಷಯ ಬಂದು ವರ್ಷಗಟ್ಟಲೆ ಮಧ್ಯಪ್ರದೇಶದ ದೇವಾಸದಲ್ಲಿ ಹಾಸಿಗೆ ಹಿಡಿದು, ಎದ್ದ ಮೇಲೆ ಸಣ್ಣ ಉಸಿರಿನ ತುಣುಕುಗಳಲ್ಲೇ ರಾಗ ಕಟ್ಟಿದರು. ಇವರೆಲ್ಲರ ಧ್ವನಿಮುದ್ರಣ ಕೇಳಿ, ಆದರೆ ಕಛೇರಿಯ ಮರುದಿನ ಬೆಳಿಗ್ಗೆ ಕೇಳಿ. ಮೊದಲೇ ಕೇಳಿಕೊಂಡು ಬಂದರೆ ಎದುರಿಗಿರುವವರನ್ನು ಬರೀ ಅಳೆಯುತ್ತಾ ಕೂರುತ್ತೀರಿ.

ಊಟದ ವಿಷಯ: ಐದೂವರೆಗೆ ಒಂದು ರೊಟ್ಟಿ, ಪಲ್ಯ ತಿಂದು ಬನ್ನಿ. ಹೊಟ್ಟೆ ತುಂಬ ಉಂಡರೆ ವಿಲಂಬಿತದಲ್ಲಿ ಕಣ್ಣು ಎಳೆಯುತ್ತದೆ. ಶಾಲು ಇರಲಿ. ರಾತ್ರಿ ಸಿಟಿ ಬಸ್ ನಂಬಬೇಡಿ, ವಡಗಾವಿ ಕಡೆಯವರು ನಾಲ್ಕು ಜನ ಸೇರಿ ಆಟೋ ಮೊದಲೇ ಹೇಳಿಟ್ಟುಕೊಳ್ಳಿ. ಮಕ್ಕಳನ್ನು ಕರೆತನ್ನಿ, ಬಾಗಿಲ ಹತ್ತಿರ ಕೂಡಿಸಿ. ಬೇಸರ ಬಂದರೆ ಹೊರಗೆ ಹೋಗಿ ಬರಲಿ.

ಆಟೋ ಹೇಳಿಡಿ ಅನ್ನಲು ಇನ್ನೊಂದು ಕಾರಣ ಭೈರವಿ, ಕಛೇರಿ ಮುಗಿಸುವ ರಾಗ. ಕೊನೆಗೆ ಭೈರವಿ ಶುರುವಾಗುತ್ತಿದ್ದ ಹಾಗೆ ಕುರ್ಚಿ ಸದ್ದು ಮಾಡುತ್ತವೆ, ಜನ ಗಾಡಿ ತೆಗೆಯಲು ಏಳುತ್ತಾರೆ. ದಯವಿಟ್ಟು ಏಳಬೇಡಿ. ನಮ್ಮೂರಿನಲ್ಲಿ ಆ ಕೊನೆಯ 15 ನಿಮಿಷಕ್ಕೆ ಬೇರೆಯೇ ರುಚಿ ಇದೆ. ಒಂದು ವಚನ, ಒಂದು ಅಭಂಗ (ಮರಾಠಿ ಭಕ್ತಿಗೀತೆ). ಕನ್ನಡ ಮನೆಮಾತಿನವರು ಅಭಂಗಕ್ಕೆ, ಮರಾಠಿ ಮನೆಮಾತಿನವರು ವಚನಕ್ಕೆ ಕೂಡಿಯೇ ತಲೆ ತೂಗುತ್ತಾರೆ. ಎರಡು ತಾಸು ಬಿಗಿ ಹಿಡಿದಿದ್ದ ನನ್ನ ಕೈಯೂ ಅಲ್ಲಿ ಹಗುರಾಗುತ್ತದೆ.

ಮುಗಿದ ಮೇಲೆ ವೇದಿಕೆ ಹತ್ತಿರ ಬನ್ನಿ. ಗಾಯಕರ ಸುತ್ತ ಫೋಟೋಗೆ ಜನ ಇರುತ್ತಾರೆ. ನಿಮ್ಮ ಎಡಗಡೆ ನಾನು ತಬಲಾಕ್ಕೆ ಗವಸು ಹಾಕಿ ಚೀಲ ಕಟ್ಟುತ್ತಿರುತ್ತೇನೆ. ಯಾವ ತಾಲ ಇತ್ತು, ನೀವು ಎಣಿಸಿದ್ದು ಎಲ್ಲಿ ತಪ್ಪಿತು ಅಂತ ಕೇಳಿ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆರಳಲ್ಲಿ ಎಣಿಸಿ ತೋರಿಸುತ್ತೇನೆ.