ಥೈರಾಯ್ಡ್ ಮಾತ್ರೆ ಮತ್ತು ನನ್ನ ಬೆಳಗಿನ ಕಾಫಿ

ನನಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾದಾಗ ರಿಪೋರ್ಟಿನಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, 18 ಇತ್ತು. ದೊಡ್ಡವರಲ್ಲಿ ಅದು ಸುಮಾರು 0.4ರಿಂದ 4ರೊಳಗೆ ಇರಬೇಕು. ಕಡಿಮೆ ಅಂತೀರಿ, ನಂಬರ್ ಯಾಕೆ ಇಷ್ಟು ಜಾಸ್ತಿ ಅಂತ ಡಾಕ್ಟರನ್ನು ಕೇಳಿದೆ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಬಟಾಣಿ ಕಾಳಿನಷ್ಟು ಇರುತ್ತದೆ ಅಷ್ಟೇ. ಥೈರಾಯ್ಡ್ ತಯಾರಿಸುವ ಹಾರ್ಮೋನ್ ಥೈರಾಕ್ಸಿನ್. ರಕ್ತದಲ್ಲಿ ಅದು ಇಳಿದಷ್ಟೂ ಪಿಟ್ಯುಟರಿ ಕತ್ತಿನಲ್ಲಿರುವ ಥೈರಾಯ್ಡ್‌ಗೆ 'ಇನ್ನೂ ಮಾಡು' ಅಂತ ಜೋರಾಗಿ ಕೂಗುತ್ತದೆ. ನನ್ನ 18 ಆ ಕೂಗಿನ ಅಳತೆ.

ಇದು ತಿಳಿದ ಮೇಲೆ ಉಳಿದದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಥೈರಾಕ್ಸಿನ್ ಸಾಲದಿದ್ದರೆ ಜೀವಕೋಶಗಳು ಇಂಧನ ಸುಡುವುದೇ ನಿಧಾನ. ಅದಕ್ಕೇ ಫ್ಯಾನ್ ಹಾಕಿದರೆ ನಡುಕ, ಮಲಬದ್ಧತೆ, ಮಧ್ಯಾಹ್ನಕ್ಕೇ ಸುಸ್ತು. ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುವುದೂ ನಿಧಾನವಾಗುತ್ತದೆ. ನನ್ನ ಕೊಲೆಸ್ಟ್ರಾಲ್ ಏರಿದ್ದಕ್ಕೆ ಬೇರೆ ಮಾತ್ರೆ ಬೇಡ, ಮೊದಲು ಥೈರಾಯ್ಡ್ ಸರಿಹೋಗಲಿ ಎಂದರು ಡಾಕ್ಟರ್. ಹಾಗೇ ಆಯಿತು, ಅದು ತಾನಾಗಿ ಇಳಿಯಿತು.

ನನಗೆ ಕೊಟ್ಟಿದ್ದು ಲಿವೊಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಥೈರಾಕ್ಸಿನ್. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೋಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕಾಫಿ ಕುಡಿದರೆ ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಎದ್ದ ಕೂಡಲೇ ಡಿಕಾಕ್ಷನ್ ಇಳಿದಿರುತ್ತದೆ, ಆ ವಾಸನೆಯಲ್ಲಿ ಒಂದು ಗಂಟೆ ಕಾಯುವುದು ಸುಮ್ನೆ ಮಾತಲ್ಲ. ರಾತ್ರಿ ತಗೊಳ್ಳಬಹುದಾ ಅಂತ ಡಾಕ್ಟರನ್ನೇ ಕೇಳಿದೆ. ಆಗಬಹುದು, ಊಟ ಆಗಿ ಮೂರು ಗಂಟೆ ಕಳೆದಿರಬೇಕು ಎಂದರು. ಈಗ ಏಳೂವರೆಗೆ ಊಟ, ಮಲಗುವ ಮುಂಚೆ ಮಾತ್ರೆ. ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಸರಿಸಿದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಈ ಮಾತನ್ನು ಎಷ್ಟೋ ಜನಕ್ಕೆ ಯಾರೂ ಹೇಳಿರುವುದೇ ಇಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

ಇನ್ನೊಂದು, ತಾಳ್ಮೆ ಬೇಕು. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಮಟ್ಟ ನಿಲ್ಲುವುದಕ್ಕೂ ಪಿಟ್ಯುಟರಿ ಕೂಗು ತಗ್ಗಿಸುವುದಕ್ಕೂ ವಾರಗಳೇ ಬೇಕು. ಅದಕ್ಕೇ ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ. ಹದಿನೈದು ದಿನಕ್ಕೇ ಲ್ಯಾಬಿಗೆ ಓಡಿದರೆ ದುಡ್ಡು ದಂಡ, ಅಲ್ವಾ?

ತೂಕ ಇಳಿಯಲಿ ಅಂತ ಮಾತ್ರ ನೀವಾಗಿಯೇ ಡೋಸ್ ಏರಿಸಬೇಡಿ. ಥೈರಾಕ್ಸಿನ್ ಅತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಬಸುರಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಆಗ ಸಾಮಾನ್ಯವಾಗಿ ಡೋಸ್ ಜಾಸ್ತಿಯೇ ಬೇಕಾಗುತ್ತದೆ, ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಥೈರಾಕ್ಸಿನ್ನನ್ನೇ ನಂಬಿಕೊಂಡಿರುತ್ತದೆ.