ಬಾಳೆಲೆಯ ಮೇಲೆ ಮೀನಿನ ವಂಶ: ತರಗತಿಯಲ್ಲಿ ಹೀಗೆ ತೋರಿಸಿ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಮೀನಿನ ವಿಕಾಸದ ಪಾಠವನ್ನು ಚಾರ್ಟು ತೂಗುಹಾಕಿ ಶುರು ಮಾಡಬೇಡಿ. ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ ಎರಡು ಬಂಗುಡೆ, ಒಂದು ಸಣ್ಣ ತೊರಕೆ (ಸ್ಟಿಂಗ್‌ರೇ) ತನ್ನಿ. ತೊರಕೆಯ ಬಾಲದ ಮುಳ್ಳನ್ನು ಅಲ್ಲೇ ಕಡಿಸಿಕೊಳ್ಳಿ, ಅದರಲ್ಲಿ ವಿಷವಿರುತ್ತದೆ.

ಬಂಗುಡೆ ಎಲೆಗೆ ಬಿದ್ದ ಕೂಡಲೇ ಮಲಯಾಳ ಮಾತಾಡುವ ಮನೆಯ ಮಗು 'ಅಯಲ' ಎನ್ನುತ್ತದೆ. ಎರಡೂ ಹೆಸರನ್ನು ಬೋರ್ಡಿನಲ್ಲಿ ಬರೆದು, ಕೆಳಗೆ 'ರಾಸ್ಟ್ರೆಲಿಗರ್ ಕನಗುರ್ಟ' ಎಂದು ಬರೆಯಿರಿ. ವೈಜ್ಞಾನಿಕ ಹೆಸರು ಯಾಕೆ ಬೇಕೆಂದು ನಮ್ಮೂರಿನ ಮಕ್ಕಳಿಗೆ ಬೇರೆ ವಿವರಿಸಬೇಕಿಲ್ಲ.

ಎಲೆಯ ಎಡತುದಿಯನ್ನು ಖಾಲಿ ಬಿಡಿ. ಅದು ದವಡೆಯಿಲ್ಲದ ಮೀನುಗಳ ಜಾಗ. ಚೀನಾದ ಯುನ್ನಾನಿನಲ್ಲಿ ಸಿಕ್ಕ ಹೈಕೊಯಿಕ್ತಿಸ್ ಸುಮಾರು 51.8 ಕೋಟಿ ವರ್ಷ ಹಳೆಯದು, ಕಿರುಬೆರಳಿಗಿಂತಲೂ ಚಿಕ್ಕದು. ಬೊಲಿವಿಯಾದ ಸಕಬಾಂಬಾಸ್ಪಿಸ್‌ಗೆ ತಲೆಯ ಮೇಲೆ ಎಲುಬಿನ ಕವಚವಿತ್ತು, ದವಡೆ ಇರಲಿಲ್ಲ. ಈ ಬಗೆಯಲ್ಲಿ ಈಗ ಉಳಿದಿರುವವು ಲ್ಯಾಂಪ್ರೆ, ಹ್ಯಾಗ್‌ಫಿಶ್ ಮಾತ್ರ. ಹಳೆಯ ಕವಚಮೀನುಗಳನ್ನೆಲ್ಲ ಒಂದೇ ಕುಲವೆಂದು ಬರೆಸಬೇಡಿ. ಅವುಗಳಲ್ಲಿ ಕೆಲವು ಲ್ಯಾಂಪ್ರೆಗಿಂತ ದವಡೆಯ ಮೀನುಗಳಿಗೇ ಹತ್ತಿರ. ಒಂದು ಅಂಗ ಇಲ್ಲ ಎಂಬುದರಿಂದ ನಂಟು ಸಾಬೀತಾಗುವುದಿಲ್ಲ.

ಈಗ ಎರಡೂ ಮೀನಿನ ಬಾಯಿ ತೆರೆದು ದವಡೆ ಮುಟ್ಟಿಸಿ. ತೊರಕೆಯನ್ನು ಮಗುಚಿ ಹಾಕಿದರೆ ಹೊಟ್ಟೆಯ ಕಡೆ ಐದು ಜೊತೆ ಕಿವಿರುಸೀಳು ಕಾಣುತ್ತವೆ. ಬಂಗುಡೆಯಲ್ಲಿ ಅವನ್ನು ಎಲುಬಿನ ಮುಚ್ಚಳ ಮರೆಮಾಡಿರುತ್ತದೆ, ಬೆರಳಿನಿಂದ ಎತ್ತಿಸಿ. ಆಮೇಲೆ ಚೂರಿ ತೆಗೆದುಕೊಳ್ಳಿ. ಬಂಗುಡೆಯೊಳಗೆ ಗಟ್ಟಿ ಎಲುಬು, ತೊರಕೆಯೊಳಗೆ ನಮ್ಮ ಕಿವಿಯಂತೆ ಬಾಗುವ ಮೃದ್ವಸ್ಥಿ.

ಇಲ್ಲಿ ನಿಧಾನಿಸಿ. ಮೆತ್ತನೆಯದು ಮೊದಲು, ಗಟ್ಟಿಯದು ಆಮೇಲೆ ಎಂದು ಮಕ್ಕಳು ಹೇಳುತ್ತಾರೆ. ನಾನೂ ಹಲವು ವರ್ಷ ಹಾಗೇ ಹೇಳಿಕೊಟ್ಟಿದ್ದೆ. ಶಾರ್ಕು, ತೊರಕೆಗಳನ್ನು ಏಣಿಯ ಕೆಳಮೆಟ್ಟಿಲಲ್ಲಿ ಬರೆಯುತ್ತಿದ್ದೆ. ಅದು ತಪ್ಪು. ದವಡೆ ಬಂದ ಮೊದಲ ಮೀನುಗಳಲ್ಲಿ ಮೈಮೇಲೆ ಎಲುಬಿನ ಫಲಕಗಳಿದ್ದ ಪ್ಲಾಕೊಡರ್ಮ್‌ಗಳು ಮುಖ್ಯ. ಡಂಕ್ಲಿಯೊಸ್ಟಿಯಸ್ ಆ ಗುಂಪಿನದೇ, ಅದರ ಬಾಯಲ್ಲಿ ಹಲ್ಲಿನ ಬದಲು ಎಲುಬಿನ ಅಲಗುಗಳಿದ್ದವು. 2013ರಲ್ಲಿ ಚೀನಾದಿಂದ ವರದಿಯಾದ ಎಂಟೆಲೊಗ್ನಾಥಸ್ ಎಂಬ ಪ್ಲಾಕೊಡರ್ಮ್ 41.9 ಕೋಟಿ ವರ್ಷ ಹಳೆಯದು. ಅದರ ದವಡೆಯೆಲುಬುಗಳು ಬಂಗುಡೆಯಂಥ ಎಲುಬುಮೀನುಗಳವನ್ನೇ ಹೋಲುತ್ತವೆ. ಎಂದರೆ ಎಲುಬು ಮೊದಲೇ ಇತ್ತು, ತೊರಕೆಯ ಪೂರ್ವಜರು ಅದನ್ನು ಕಳೆದುಕೊಂಡರು. ಹಾಗಾಗಿ ಬೋರ್ಡಿನಲ್ಲಿ ಏಣಿ ಬೇಡ, ಕವಲುಗಳನ್ನೇ ಬರೆಯಿರಿ.

ಬಂಗುಡೆಯ ಎದೆಯ ಈಜುರೆಕ್ಕೆ ಬಿಡಿಸಿ. ಬೀಸಣಿಗೆಯಂತೆ ಸಣ್ಣ ಕಡ್ಡಿಗಳು. ಇದು ಕಡ್ಡಿರೆಕ್ಕೆಯ ಕವಲು. ಅದರ ಪಕ್ಕದ್ದು ಮಾಂಸಲ ರೆಕ್ಕೆಯ ಕವಲು. ಅಳಿದೇಹೋಯಿತು ಎಂದುಕೊಂಡಿದ್ದ ಈ ಕವಲಿನ ಸೀಲಕ್ಯಾಂತ್ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಮೀನುಗಾರರ ಬಲೆಗೆ ಬಿತ್ತು. ಇದೇ ಕವಲಿನ, ಸುಮಾರು 37.5 ಕೋಟಿ ವರ್ಷ ಹಿಂದಿನ ಟಿಕ್ಟಾಲಿಕ್ ಎಂಬ ಮೀನಿನ ರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬುಗಳಿದ್ದವು.

ಈ ಕವಲಿಗೆ ಇಡಲು ನಮ್ಮ ಮಾರುಕಟ್ಟೆಯಲ್ಲಿ ಮೀನಿಲ್ಲ. ಆದರೆ ನಾವೂ ಇದೇ ಕವಲಿನಿಂದ ಬಂದವರು, ಹಾಗಾಗಿ ಒಂದು ಮಗುವಿನ ಕೈಯನ್ನೇ ಬಂಗುಡೆಯ ಪಕ್ಕದಲ್ಲಿ ಇಡಿಸಿ. ಭುಜದಿಂದ ಮೊಣಕೈವರೆಗೆ ಒಂದು ಎಲುಬು, ಅಲ್ಲಿಂದ ಮಣಿಕಟ್ಟಿನವರೆಗೆ ಎರಡು, ಎಣಿಸಲು ಹೇಳಿ. ಬಂಗುಡೆಗೆ ಹತ್ತಿರದ ನೆಂಟ ಯಾರು, ತೊರಕೆಯೋ ಈ ಕೈಯೋ ಎಂದು ಕೇಳಿ. ಬಹಳಷ್ಟು ಮಕ್ಕಳು ತೊರಕೆ ಎನ್ನುತ್ತಾರೆ. ಬೋರ್ಡಿನ ಕವಲುಗಳನ್ನು ಅವರೇ ಬೆರಳಿಟ್ಟು ಹಿಂದಕ್ಕೆ ಹಿಡಿದು ಬರಲಿ, ಅಲ್ಲಿಯವರೆಗೆ ಉತ್ತರ ಹೇಳಬೇಡಿ.